ಕಾರಿಲ್ಲದ ದ್ವೀಪಕ್ಕೆ ವೀಕೆಂಡ್: ಮ್ಯಾಕಿನಾ ಪ್ರವಾಸ ಹೀಗೆ ಮಾಡಿ

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ನಯಾಗರಾ ಆಯಿತು, ಶಿಕಾಗೋ ಆಯಿತು, ನೋವೈ ದೇವಸ್ಥಾನಕ್ಕೆ ವಾರವಾರ ಹೋಗಿದ್ದೂ ಆಯಿತು. ಇನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಮಿಶಿಗನ್ನಿನ ಗೆಳತಿಯರು ಕೇಳಿದಾಗಲೆಲ್ಲ ನನ್ನ ಬಾಯಿಗೆ ಮೊದಲು ಬರುವ ಹೆಸರು ಮ್ಯಾಕಿನಾ ದ್ವೀಪ. ನಾನಿರುವುದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ. ಕಾರಿನ ಬ್ರೇಕ್ ಪರೀಕ್ಷೆ ಮಾಡುವ ಕೆಲಸ. ವಾರವಿಡೀ ಕಾರಿನ ಜೊತೆಗೇ ಏಗುವವಳಿಗೆ ಕಾರೇ ಇಲ್ಲದ ಊರಿನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಇರಬಹುದು, ಅದನ್ನು ಕಳೆದು ಓದಿಕೊಳ್ಳಿ.

ದ್ವೀಪ ಇರುವುದು ಹ್ಯೂರಾನ್ ಸರೋವರದಲ್ಲಿ, ನೀರಿನಿಂದ ಎರಡು ಪಾಲಾಗಿರುವ ಮಿಶಿಗನ್ನಿನ ಉತ್ತರದ ನೆಲವೂ ದಕ್ಷಿಣದ ನೆಲವೂ ಹತ್ತಿರ ಬರುವ ಕಡೆ. ಒಂದು ಸುತ್ತು ಹಾಕಿದರೆ 8.2 ಮೈಲಿ, ಸುಮಾರು 13 ಕಿಲೋಮೀಟರ್. ಮೋಟಾರು ಗಾಡಿ ಕಂಡರೆ ಕುದುರೆಗಳು ಬೆದರುತ್ತವೆ ಅಂತ ಅಲ್ಲಿನ ಸಾರೋಟಿನವರು ಗಲಾಟೆ ಮಾಡಿ, 1898ರಲ್ಲಿ ಊರೊಳಗೆ ಮೋಟಾರನ್ನೇ ನಿಷೇಧ ಮಾಡಿಸಿದರು. ನಿಯಮ ಇವತ್ತಿಗೂ ನಡೆಯುತ್ತಿದೆ. ಆಂಬುಲೆನ್ಸು, ಬೆಂಕಿ ಆರಿಸುವ ಗಾಡಿ, ಪೊಲೀಸು, ಚಳಿಗಾಲದಲ್ಲಿ ಸ್ನೋಮೊಬೈಲು. ಇವಿಷ್ಟು ಬಿಟ್ಟರೆ ನಿಮಗೆ ಸಿಗುವುದು ಕಾಲು, ಸೈಕಲ್ಲು, ಕುದುರೆ.

ಹಾಗಾಗಿ ಇಲ್ಲಿಗೆ ಪ್ಲಾನ್ ಮಾಡುವಾಗ ನೋಡುವ ಜಾಗಗಳ ಪಟ್ಟಿಯಿಂದ ಶುರು ಮಾಡಬೇಡಿ. ನಿಮ್ಮ ಗುಂಪಿನಲ್ಲಿ ಯಾರ ಮೊಣಕಾಲು ಎಲ್ಲರಿಗಿಂತ ಕೆಟ್ಟಿದೆ, ಅವರಿಂದ ಶುರು ಮಾಡಿ. ಆಮೇಲೆ ಚೀಲಗಳನ್ನು ಎಣಿಸಿ. "ಹೊರಗೆ ಸುಸ್ತಾದರೆ ಕಾರಿನಲ್ಲಿ ಕೂರಿಸೋಣ, ಸ್ವೆಟರು ಡಿಕ್ಕಿಯಲ್ಲಿದೆ, ಊಟದ ಡಬ್ಬಿ ಹಿಂದಿನ ಸೀಟಿನಲ್ಲಿದೆ" ಅನ್ನುವ ಅಭ್ಯಾಸ ನಮಗೆಲ್ಲ ಎಷ್ಟು ಅಂಟಿಕೊಂಡಿದೆ ಅಂತ ಗೊತ್ತಾಗುವುದು ಕಾರು ಕೈಬಿಟ್ಟಾಗಲೇ. ಮೊಣಕಾಲು, ಚೀಲ ಎರಡೂ ಸರಿಹೋದರೆ ಮಿಕ್ಕಿದ್ದೆಲ್ಲ ತಾನಾಗಿ ಆಗುತ್ತದೆ.

ಯಾವಾಗ ಹೋಗಬೇಕು

ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಅಲ್ಲಿ ಸೀಸನ್ನು. ಅದಾದ ಮೇಲೆ ಹೆಚ್ಚಿನ ಅಂಗಡಿ ಹೋಟೆಲು ಮುಚ್ಚುತ್ತವೆ, ಕುದುರೆಗಳಲ್ಲಿ ಬಹುಪಾಲು ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತವೆ. ಉಳಿಯುವುದು ಸುಮಾರು ಐನೂರು ಜನ.

ಜೂನ್‌ನಲ್ಲಿ ಲೈಲಾಕ್ ಹೂವಿನ ಹಬ್ಬ. ಹಳೇ ಹಳೇ ಲೈಲಾಕ್ ಗಿಡಗಳು ಮರದಷ್ಟು ದಪ್ಪ ಬೆಳೆದಿವೆ, ಬೀದಿಗೆಲ್ಲ ಅದರ ವಾಸನೆ. ಚೆನ್ನಾಗಿರುತ್ತದೆ, ಆದರೆ ರಶ್ಶು. ಜುಲೈನಲ್ಲಿ ಶಿಕಾಗೋದಿಂದ ಒಂದು, ಪೋರ್ಟ್ ಹ್ಯೂರಾನ್‌ನಿಂದ ಒಂದು, ಹೀಗೆ ಎರಡು ಹಾಯಿದೋಣಿ ಪಂದ್ಯಗಳು ಈ ದ್ವೀಪಕ್ಕೆ ಬಂದು ಮುಗಿಯುತ್ತವೆ. ಶಿಕಾಗೋದಿಂದ ಬರುವ ಪಂದ್ಯದ ದೂರ 333 ಮೈಲಿ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೂ ರಾತ್ರಿಯಿಡೀ ಗದ್ದಲ. ವಯಸ್ಸಾದವರ ಜೊತೆ ಹೋಗುವುದಾದರೆ ಪಂದ್ಯದ ತಾರೀಖು ನೋಡಿಕೊಂಡು ಅದನ್ನು ತಪ್ಪಿಸಿ.

ನನ್ನ ಓಟು ಸೆಪ್ಟೆಂಬರ್‌ಗೆ, ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರ) ಕಳೆದ ಮೇಲಿನ ವಾರಗಳಿಗೆ. ಬಿಸಿಲು ಹಿತವಾಗಿರುತ್ತದೆ, ಕ್ಯೂ ಕಡಿಮೆ. ಮಕ್ಕಳಿರುವವರು ಜೂನ್ ನಡುವೆ ಶಾಲೆಗೆ ರಜೆ ಬಿದ್ದ ಕೂಡಲೇ ಹೋಗಬಹುದು. ಆಗ ಕತ್ತಲಾಗುವುದೇ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ದಿನ ಉದ್ದ ಸಿಗುತ್ತದೆ. ಯಾವ ತಿಂಗಳಾದರೂ ಒಂದೊಂದು ಜಾಕೆಟ್ ಇರಲಿ. ಸಂಜೆಯ ಸರೋವರದ ಗಾಳಿಯನ್ನು ಮೈಸೂರಿಂದ ಬಂದ ಮೈ ತಡೆಯುವುದಿಲ್ಲ.

ಶುಕ್ರವಾರ ಹೊರಡಿ, ಶನಿವಾರ ದಾಟಿ

ಡೆಟ್ರಾಯಿಟ್ ಕಡೆಯಿಂದ ಐ-75 ಹೆದ್ದಾರಿ ಹಿಡಿದರೆ, ದ್ವೀಪಕ್ಕೆ ಫೆರಿ ಹತ್ತುವ ಈಚೆ ದಡದ ಊರು ಮ್ಯಾಕಿನಾ ಸಿಟಿ ಸುಮಾರು 290 ಮೈಲಿ. ನಾಲ್ಕೂವರೆ ಗಂಟೆ ಹಿಡಿಯುತ್ತದೆ, ನಡುವೆ ಕಾಫಿ, ಬಾತ್‌ರೂಮು ಅಂತ ನಿಲ್ಲಿಸಿದರೆ ಐದೂವರೆ. ಶಿಕಾಗೋದವರಿಗೆ ಇನ್ನೂ ಒಂದೆರಡು ಗಂಟೆ ಜಾಸ್ತಿ. ಬೆಳಿಗ್ಗೆ ಹೊರಟು ಅದೇ ದಿನ ನೋಡಿ ವಾಪಸ್ ಬರುವವರೂ ಇದ್ದಾರೆ, ದಯವಿಟ್ಟು ಆ ಸಾಹಸ ಬೇಡ. ದ್ವೀಪದಲ್ಲಿ ಕಳೆದದ್ದಕ್ಕಿಂತ ಕಾರಿನಲ್ಲಿ ಕಳೆದದ್ದೇ ಜಾಸ್ತಿ ಆಗುತ್ತದೆ, ಅಪ್ಪನ ಕಾಲು ಊದಿಕೊಳ್ಳುತ್ತದೆ.

ಶುಕ್ರವಾರ ಆಫೀಸು ಸ್ವಲ್ಪ ಬೇಗ ಮುಗಿಸಿ ಹೊರಡಿ. ಪುಳಿಯೋಗರೆ, ಚಪಾತಿ ಕಾರಿನಲ್ಲೇ ಇರಲಿ, ದಾರಿಯಲ್ಲಿ ನಮಗೆ ಬೇಕಾದ್ದು ಸಿಗುವುದಿಲ್ಲ. ಗೇಲಾರ್ಡ್ ಹತ್ತಿರ ರಸ್ತೆ ಪಕ್ಕ ಒಂದು ಫಲಕ ಬರುತ್ತದೆ: ಇಲ್ಲಿಗೆ 45ನೇ ಅಕ್ಷಾಂಶ, ಸಮಭಾಜಕಕ್ಕೂ ಉತ್ತರ ಧ್ರುವಕ್ಕೂ ನಡುಮಧ್ಯ. ನಮ್ಮ ಅಪ್ಪ ರಿಟೈರಾದ ಭೂಗೋಳದ ಮೇಷ್ಟ್ರು. ಅಲ್ಲಿಂದ ಮ್ಯಾಕಿನಾ ಸಿಟಿವರೆಗೆ ಪಾಠ ನಡೆಯಿತು.

ಶುಕ್ರವಾರ ರಾತ್ರಿ ಮ್ಯಾಕಿನಾ ಸಿಟಿಯಲ್ಲೇ ಮಲಗಿ. ಅಲ್ಲಿ ಮೋಟೆಲುಗಳು ಸಾಲಾಗಿವೆ, ದ್ವೀಪದ ರೂಮಿಗೆ ಹೋಲಿಸಿದರೆ ಅಗ್ಗ. ಬೇಗ ತಲುಪಿ, ಮೋಡ ಇಲ್ಲದಿದ್ದರೆ ಊರಿಂದ ಎರಡು ಮೈಲಿ ಪಶ್ಚಿಮಕ್ಕಿರುವ ಹೆಡ್‌ಲ್ಯಾಂಡ್ಸ್ ಡಾರ್ಕ್ ಸ್ಕೈ ಪಾರ್ಕಿಗೆ ಹೋಗಿ. ಬೀದಿದೀಪದ ಬೆಳಕು ತಾಕದ ಹಾಗೆ ಕಾಪಾಡಿರುವ ಜಾಗ. ಆಕಾಶಗಂಗೆ ಬರೀ ಕಣ್ಣಿಗೆ ಕಾಣುತ್ತದೆ.

ಶನಿವಾರ ಬೆಳಿಗ್ಗೆ ಫೆರಿ. ಮ್ಯಾಕಿನಾ ಸಿಟಿಯಿಂದಲೂ ಹೊರಡುತ್ತದೆ, ಸೇತುವೆಯಾಚೆ ಸೇಂಟ್ ಇಗ್ನಸ್‌ನಿಂದಲೂ ಹೊರಡುತ್ತದೆ. ದಾರಿ ಇಪ್ಪತ್ತು ನಿಮಿಷದ ಹತ್ತಿರ. ಕೆಲವು ಟ್ರಿಪ್ಪುಗಳು ಮ್ಯಾಕಿನಾ ಸೇತುವೆಯ ಕೆಳಗೆ ಹೋಗಿ ಬರುತ್ತವೆ, ಟೈಮ್‌ಟೇಬಲ್ಲಿನಲ್ಲಿ ನೋಡಿ ಅದನ್ನೇ ಹಿಡಿಯಿರಿ. ಟಿಕೆಟ್ಟು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಬೆಳಿಗ್ಗೆಯ ಕ್ಯೂ ಉಳಿಯುತ್ತದೆ.

ಇಲ್ಲಿ ಎರಡು ವಿಷಯ ಗಮನದಲ್ಲಿರಲಿ. ವಾಪಸ್ ಬರುವಾಗ ನಿಮ್ಮ ಟಿಕೆಟ್ಟು ಯಾವ ಫೆರಿಯಲ್ಲಿ ನಡೆಯುತ್ತದೆ ಅಂತ ಕೊಳ್ಳುವಾಗಲೇ ಕೇಳಿಕೊಳ್ಳಿ. ಎರಡನೆಯದು, ದ್ವೀಪದಿಂದ ಹೊರಡುವ ದೋಣಿ ಯಾವ ಊರಿಗೆ ಹೋಗುತ್ತದೆ ಅಂತ ಹತ್ತುವ ಮುಂಚೆ ಕೇಳಿ. ಕಾರು ಮ್ಯಾಕಿನಾ ಸಿಟಿಯಲ್ಲಿದ್ದು ನೀವು ಸೇಂಟ್ ಇಗ್ನಸ್‌ನಲ್ಲಿ ಇಳಿದರೆ ನಡುವೆ ಐದು ಮೈಲಿಯ ಸೇತುವೆ ಇರುತ್ತದೆ, ಅದರ ಮೇಲೆ ನಡೆದು ದಾಟಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ, ಲೇಬರ್ ಡೇ ಬೆಳಿಗ್ಗೆ ಮಾತ್ರ ಜನರಿಗೆ ನಡೆಯಲು ಅವಕಾಶ.

ಅಲ್ಲಿಗೆ ಹೋದರೆ ಅಮೆರಿಕದ ಗಡಿ ದಾಟಿದ ಹಾಗಾಗುತ್ತದಾ ಅಂತ ವಿಸಿಟರ್ ವೀಸಾದಲ್ಲಿ ಬಂದವರ ಮಕ್ಕಳು ಕೇಳುವ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಸೇತುವೆ ದಾಟಿದರೂ, ದ್ವೀಪಕ್ಕೆ ಹೋದರೂ ಮಿಶಿಗನ್ನೇ. ಕೆನಡಾ ಗಡಿ ಇರುವುದು ಇನ್ನೂ ಉತ್ತರಕ್ಕೆ, ಸೂ ಸೇಂಟ್ ಮರಿಯಲ್ಲಿ. ಆದರೂ ಗಡಿ ತೀರ ದೂರವಿಲ್ಲ, ಪಾಸ್‌ಪೋರ್ಟು ಜೊತೆಗಿರಲಿ.

ಚೀಲದ ಲೆಕ್ಕ

ಮನೆಯಲ್ಲೇ ಎರಡು ಪಾಲು ಮಾಡಿ. ಒಂದು ಕಾರಿನಲ್ಲೇ ಉಳಿಯುವ ಸಾಮಾನು. ಇನ್ನೊಂದು ದ್ವೀಪಕ್ಕೆ ಬರುವ ಸಾಮಾನು, ತಲೆಗೊಂದು ಸಣ್ಣ ಚೀಲ, ಒಂದು ರಾತ್ರಿಗೆ ಬೇಕಾದಷ್ಟು. ಅಮ್ಮ "ಇದೂ ಇರಲಿ ಕಣೇ" ಅಂತ ಸೇರಿಸಿದ್ದನ್ನೆಲ್ಲ ಮೆಲ್ಲಗೆ ಮೊದಲನೇ ಪಾಲಿಗೆ ಹಾಕಿ.

ಫೆರಿ ಕಟ್ಟೆಯಲ್ಲಿ ಚೀಲಕ್ಕೆ ನಿಮ್ಮ ಹೋಟೆಲಿನ ಹೆಸರಿನ ಚೀಟಿ ಕಟ್ಟುತ್ತಾರೆ. ಆಚೆ ದಡದಲ್ಲಿ ಪೋರ್ಟರು ಹುಡುಗರು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಸೂಟ್‌ಕೇಸುಗಳನ್ನು ತಮ್ಮ ತಲೆಗಿಂತ ಎತ್ತರ ಪೇರಿಸಿಕೊಂಡು, ಒಂದು ಕೈಯಲ್ಲಿ ಅವನ್ನು ಹಿಡಿದು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಹೊರಡುತ್ತಾರೆ. ಅದನ್ನು ನೋಡಲಿಕ್ಕೇ ಐದು ನಿಮಿಷ ನಿಲ್ಲಬಹುದು. ಅವರಿಗೆ ಟಿಪ್ಸು ಕೊಡಲು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಚೀಲ ರೂಮಿಗೆ ಬರುವುದು ನಿಮಗಿಂತ ತಡವಾಗಿ. ಆದ್ದರಿಂದ ಬಿಪಿ, ಶುಗರ್ ಮಾತ್ರೆ, ಕನ್ನಡಕ, ಜಾಕೆಟ್ ಕೈಚೀಲದಲ್ಲೇ ಇರಬೇಕು.

ದ್ವೀಪದಲ್ಲಿ ಒಂದು ರಾತ್ರಿ ಉಳಿಯುವುದು ದುಬಾರಿ, ಸುಳ್ಳು ಹೇಳುವುದಿಲ್ಲ. ಸಾಧ್ಯವಿದ್ದರೆ ಬೇರೆ ಕಡೆ ಖರ್ಚು ಕಡಿಮೆ ಮಾಡಿ ಇದಕ್ಕೆ ಹಾಕಿ ಅನ್ನುವುದು ನನ್ನ ಮಾತು. ಹಗಲು ಬಂದವರೆಲ್ಲ ಸಂಜೆ ಫೆರಿ ಹತ್ತಿ ಹೋದ ಮೇಲೆ ಮುಖ್ಯ ಬೀದಿ ಖಾಲಿಯಾಗುತ್ತದೆ. ಆಗ ಅಜ್ಜಿ ತಾತ ಮೊಮ್ಮಕ್ಕಳು ರಸ್ತೆಯ ನಡುವೆಯೇ ನಡೆದುಕೊಂಡು ಹೋಗಬಹುದು, ಹಿಂದಿನಿಂದ ಹಾರನ್ ಹೊಡೆಯುವವರಿಲ್ಲ. ರೂಮು ಬುಕ್ ಮಾಡುವಾಗ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಫೆರಿ ಕಟ್ಟೆಯಿಂದ ದಾರಿ ಏರು ಇದೆಯಾ? ರೂಮಿಗೆ ಮೆಟ್ಟಿಲು ಎಷ್ಟು? ಹಳೇ ಮರದ ಮನೆಗಳು ಜಾಸ್ತಿ, ಲಿಫ್ಟು ಎಲ್ಲ ಕಡೆ ಇರುವುದಿಲ್ಲ. ಬಜೆಟ್ಟಿಗೆ ಕೂಡಿಬರದಿದ್ದರೆ ಎರಡೂ ರಾತ್ರಿ ಮ್ಯಾಕಿನಾ ಸಿಟಿಯಲ್ಲೇ ಇದ್ದು, ಬೆಳಗಿನ ಮೊದಲ ಫೆರಿಗೆ ಹೋಗಿ ಸಂಜೆ ತಡವಾಗಿ ಬನ್ನಿ.

ಮೊಣಕಾಲಿಗೆ ಕುದುರೆ, ಮಕ್ಕಳಿಗೆ ಸೈಕಲ್ಲು

ಇಳಿದ ಕೂಡಲೇ ಮೂಗಿಗೆ ಬಡಿಯುವುದು ಕುದುರೆ ಲದ್ದಿ, ಆಮೇಲೆ ಫಡ್ಜ್ ಎಂಬ ಸಿಹಿ ಮಾಡುವ ಅಂಗಡಿಯ ಸಕ್ಕರೆ ಪಾಕ. ಬೇಸಿಗೆಯಲ್ಲಿ ಅಲ್ಲಿ ಸುಮಾರು ಆರುನೂರು ಕುದುರೆ ಇರುತ್ತವೆ. ಬೀದಿ ಗುಡಿಸುವವರು ಇಡೀ ದಿನ ಗುಡಿಸುತ್ತಲೇ ಇರುತ್ತಾರೆ, ಆದರೂ ಕೆಳಗೆ ನೋಡಿಕೊಂಡು ನಡೆಯಿರಿ. ಒಳ್ಳೆ ಚಪ್ಪಲಿ ಬೇಡ, ಶೂ ಹಾಕಿಸಿ.

ಹಿರಿಯರಿಗೆ ಮೊದಲ ಕೆಲಸ ಸಾರೋಟಿನ ಟೂರು. ಮುಖ್ಯ ಬೀದಿಯಲ್ಲೇ ಟಿಕೆಟ್ಟು ಸಿಗುತ್ತದೆ. ಮೊದಲು ಒಂದು ಗಾಡಿಯಲ್ಲಿ ಊರು ದಾಟಿ ಸರ್ರೀ ಹಿಲ್‌ಗೆ ಕರೆದೊಯ್ಯುತ್ತಾರೆ. ಅಲ್ಲಿ ಇಳಿದು, ಮೂರು ಕುದುರೆ ಕಟ್ಟಿದ ದೊಡ್ಡ ಗಾಡಿಗೆ ಹತ್ತಬೇಕು. ಅದು ಕಾಡಿನ ದಾರಿಯಲ್ಲಿ ಆರ್ಚ್ ರಾಕ್‌ಗೆ, ಗುಡ್ಡದ ಮೇಲಿನ ಹಳೇ ಕೋಟೆಯ ಹಿಂಬದಿಗೆ ಹೋಗುತ್ತದೆ. ಒಟ್ಟು ಎರಡು ಗಂಟೆಗೆ ಸ್ವಲ್ಪ ಕಡಿಮೆ. "ಏಳು ಸಮುದ್ರ ದಾಟಿಸಿ ಕರ್ಕೊಂಡು ಬಂದು ಜಟಕಾ ಹತ್ತಿಸ್ತೀಯಲ್ಲೇ, ಅರಮನೆ ಮುಂದೆ ಹತ್ತಿದ್ರೆ ಸಾಲ್ತಿರಲಿಲ್ವಾ" ಅಂದರು ನಮ್ಮಮ್ಮ. ಆಮೇಲೆ ಗಾಡಿಯವಳ ಪಕ್ಕದ ಸೀಟು ಹಿಡಿದು, ನನ್ನನ್ನು ದುಭಾಷಿ ಮಾಡಿಕೊಂಡು, ಕುದುರೆಗೆ ದಿನಕ್ಕೆ ಎಷ್ಟು ಹುಲ್ಲು, ರಾತ್ರಿ ಎಲ್ಲಿ ಕಟ್ಟುತ್ತೀರಿ ಅಂತ ದಾರಿಯುದ್ದಕ್ಕೂ ವಿಚಾರಿಸಿದರು.

ಈ ಟೂರಿನ ದೊಡ್ಡ ಲಾಭ ಏನು ಅಂದರೆ, ಏರು ಹತ್ತುವ ಕೆಲಸ ಕುದುರೆಗೆ ಹೋಗುತ್ತದೆ. ಆರ್ಚ್ ರಾಕ್ ಅನ್ನುವುದು ನೀರಿನಿಂದ 146 ಅಡಿ ಮೇಲೆ ನಿಂತಿರುವ ಸುಣ್ಣಕಲ್ಲಿನ ಕಮಾನು. ಕೆಳಗಿನ ರಸ್ತೆಯಿಂದ ಹತ್ತಿದರೆ 207 ಮೆಟ್ಟಿಲು. ಗಾಡಿ ನೇರ ಮೇಲಕ್ಕೇ ಹೋಗುತ್ತದೆ, ಹಿರಿಯರು ನಾಲ್ಕು ಹೆಜ್ಜೆ ಹಾಕಿ ಕಮಾನಿನೊಳಗಿಂದ ನೀಲಿ ನೀರು ನೋಡಬಹುದು. ಕೋಟೆಗೂ ಹಾಗೆಯೇ. ಊರಿನ ಕಡೆಯಿಂದ ಹೋದರೆ ಏದುಸಿರು ಬರುವಂಥ ಏರು, ಗಾಡಿಯಲ್ಲಿ ಮೇಲಕ್ಕೇ ಹೋದರೆ ಕೊನೆಗೆ ಊರಿಗೆ ನಡೆದು ಇಳಿದರೆ ಸಾಕು. ಇಳಿಯುವುದೇ ಕಷ್ಟ ಅನ್ನುವ ಮೊಣಕಾಲಾದರೆ ಕುದುರೆ ಟ್ಯಾಕ್ಸಿಗೆ ಫೋನ್ ಮಾಡಿ. ಹೌದು, ಟ್ಯಾಕ್ಸಿಯೂ ಕುದುರೆಯದೇ. ತಲೆಗೆ ಇಷ್ಟು ಅಂತ ಲೆಕ್ಕ. ಫೋನ್ ಮಾಡಿದ ಕೂಡಲೇ ಬರುವುದಿಲ್ಲ, ಫೆರಿ ಹಿಡಿಯಬೇಕಾದಾಗ ಮುಂಚೆಯೇ ಹೇಳಿಡಿ. ವೀಲ್‌ಚೇರ್ ಇದ್ದರೆ ಟೂರಿನವರಿಗೂ ಫೆರಿಯವರಿಗೂ ಹೊರಡುವ ಮೊದಲೇ ಫೋನ್ ಮಾಡಿ ಮಾತಾಡಿ.

ಮಕ್ಕಳಿಗೂ ನಿಮಗೂ ಸೈಕಲ್ಲು. ದ್ವೀಪವನ್ನು ಸುತ್ತುವ ರಸ್ತೆಯ ಹೆಸರು ಎಂ-185. ಅಮೆರಿಕದ ರಾಜ್ಯ ಹೆದ್ದಾರಿಗಳಲ್ಲಿ ಕಾರಿಗೆ ಪ್ರವೇಶವಿಲ್ಲದ್ದು ಇದೊಂದೇ. ನೀರಿನ ಅಂಚಿಗೇ ಹೋಗುತ್ತದೆ, ಹೆಚ್ಚುಕಡಿಮೆ ಸಪಾಟು. ನಿಲ್ಲಿಸದೆ ತುಳಿದರೆ ಒಂದು ಗಂಟೆ, ಮಕ್ಕಳ ಜೊತೆ ಎರಡು ಮೂರು ಗಂಟೆ ಇಟ್ಟುಕೊಳ್ಳಿ. ಬಾಡಿಗೆ ಅಂಗಡಿಗಳು ಫೆರಿ ಕಟ್ಟೆ ಪಕ್ಕದಲ್ಲೇ ಇವೆ. ಇಬ್ಬರು ತುಳಿಯುವ ಸೈಕಲ್ಲು, ಪುಟ್ಟ ಮಕ್ಕಳನ್ನು ಕೂರಿಸುವ ಟ್ರೇಲರು ಎಲ್ಲ ಸಿಗುತ್ತದೆ. ಮನೆಯ ಸೈಕಲ್ಲನ್ನೂ ಫೆರಿಯಲ್ಲಿ ಬೇರೆ ಟಿಕೆಟ್ಟು ಕೊಟ್ಟು ಒಯ್ಯಬಹುದು. ಆದರೆ ಬ್ಯಾಟರಿ ಸೈಕಲ್ಲು ಒಯ್ಯಬೇಡಿ, ನಡೆಯಲು ಕಷ್ಟವಿರುವವರಿಗೆ ಬಿಟ್ಟರೆ ಅಲ್ಲಿ ಅದಕ್ಕೆ ಅನುಮತಿಯಿಲ್ಲ. ದಡದ ರಸ್ತೆಗೆ ಗೇರಿಲ್ಲದ ಸೈಕಲ್ ಸಾಕು, ಒಳಗಿನ ಕಾಡಿನ ದಾರಿಗೆ ಗೇರ್ ಬೇಕೇ ಬೇಕು. ತೆಗೆದುಕೊಳ್ಳುವ ಮುಂಚೆ ಎರಡೂ ಬ್ರೇಕು ಒತ್ತಿ ನೋಡಿ. ನನ್ನ ಕಸುಬಿನ ಚಾಳಿ, ಆದರೂ ಕೋಟೆ ಗುಡ್ಡದಿಂದ ಇಳಿಯುವಾಗ ನೆನೆಸಿಕೊಳ್ಳುತ್ತೀರಿ. ಕುದುರೆ ಗಾಡಿ ಬಂದರೆ ದಾರಿ ಬಿಡಿ, ಅದರ ಬೆನ್ನ ಹಿಂದೆ ಬೆಲ್ ಹೊಡೆಯಬೇಡಿ.

ಸುಮಾರು ಅರ್ಧ ಸುತ್ತು ಮುಗಿದಾಗ ಬ್ರಿಟಿಷ್ ಲ್ಯಾಂಡಿಂಗ್ ಬರುತ್ತದೆ. ತಿಂಡಿ ಅಂಗಡಿ, ಶೌಚಾಲಯ ಎರಡೂ ಇವೆ. ಅಲ್ಲಿ ಕೂತು ಮಕ್ಕಳಿಗೆ ಈ ಕತೆ ಹೇಳಿ. 1812ರ ಜುಲೈ. ಅಮೆರಿಕ ಬ್ರಿಟಿಷರ ಮೇಲೆ ಯುದ್ಧ ಸಾರಿದೆ, ಆದರೆ ಈ ಕೋಟೆಯಲ್ಲಿದ್ದ ಅಮೆರಿಕದ ಸೈನಿಕರಿಗೇ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬ್ರಿಟಿಷರಿಗೆ ಮೊದಲು ಗೊತ್ತಾಯಿತು. ರಾತ್ರೋರಾತ್ರಿ ಇದೇ ದಡಕ್ಕೆ ಬಂದು, ಫಿರಂಗಿಯನ್ನು ಕಾಡಿನೊಳಗೆ ಎಳೆದುಕೊಂಡು ಹೋಗಿ, ಕೋಟೆಗಿಂತ ಎತ್ತರದ ಗುಡ್ಡದ ಮೇಲೆ ಇಟ್ಟರು. ಕೋಟೆಯ ಫಿರಂಗಿಗಳೆಲ್ಲ ಸರೋವರದ ಕಡೆಗೆ ಮುಖ ಮಾಡಿದ್ದವು. ಹೋರಾಟವಿಲ್ಲದೆ ಕೋಟೆ ಶರಣಾಯಿತು. ವಿಚಿತ್ರ ಅಂದರೆ ಅದನ್ನು ಕಟ್ಟಿದ್ದೂ ಬ್ರಿಟಿಷರೇ, 1780ರ ಹೊತ್ತಿಗೆ. ಯುದ್ಧ ಮುಗಿದ ಮೇಲೆ 1815ರಲ್ಲಿ ಅಮೆರಿಕಕ್ಕೆ ವಾಪಸ್ ಕೊಟ್ಟರು. ಈ ಕತೆ ಕೇಳಿ ಕೋಟೆಗೆ ಹೋದರೆ ಫಿರಂಗಿ ಹಾರಿಸಿ ತೋರಿಸುವ ಆಟ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ.

ಡಾಕ್ಟರು, ನರ್ಸು, ಬಯಾಲಜಿ ಓದಿದವರು ಯಾರಾದರೂ ಜೊತೆಗಿದ್ದರೆ ಮಾರ್ಕೆಟ್ ಸ್ಟ್ರೀಟಿನ ಬೋಮಾಂಟ್ ಮ್ಯೂಸಿಯಂ ಬಿಡಬೇಡಿ. 1822ರಲ್ಲಿ ಇಲ್ಲಿನ ತುಪ್ಪಳದ ವ್ಯಾಪಾರದ ಅಂಗಡಿಯಲ್ಲಿ ಆಕಸ್ಮಿಕವಾಗಿ ಬಂದೂಕು ಹಾರಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆಲಸಗಾರನ ಹೊಟ್ಟೆಗೆ ಬಡಿಯಿತು. ಸೇನೆಯ ಡಾಕ್ಟರ್ ವಿಲಿಯಂ ಬೋಮಾಂಟ್ ಅವನನ್ನು ಬದುಕಿಸಿದರು, ಆದರೆ ಜಠರದ ತೂತು ಮುಚ್ಚಲೇ ಇಲ್ಲ. ಆ ತೂತಿನೊಳಗೆ ದಾರಕ್ಕೆ ಕಟ್ಟಿದ ಮಾಂಸ, ಬ್ರೆಡ್ಡು ಇಳಿಬಿಟ್ಟು, ಎಷ್ಟು ಹೊತ್ತಿಗೆ ಜೀರ್ಣವಾಗುತ್ತದೆ ಅಂತ ಬೋಮಾಂಟ್ ವರ್ಷಗಟ್ಟಲೆ ನೋಡಿದರು. ಜೀರ್ಣರಸದ ಬಗ್ಗೆ ಜಗತ್ತಿಗೆ ಆಗ ಗೊತ್ತಾದ ಎಷ್ಟೋ ಸಂಗತಿ ಈ ಮನುಷ್ಯನ ಹೊಟ್ಟೆಯಿಂದಲೇ ಬಂದದ್ದು. ಊಟಕ್ಕೆ ಮುಂಚೆ ಹೋಗಬೇಡಿ, ಅಷ್ಟೇ. ಅದೇ ಬೀದಿಯ ಬಿಡ್ಲ್ ಹೌಸ್‌ನಲ್ಲಿ, ಯುರೋಪಿನವರು ಬರುವ ಎಷ್ಟೋ ಮುಂಚಿನಿಂದ ಇಲ್ಲಿದ್ದ ಅನಿಶಿನಾಬೆ ಜನರ ಬದುಕಿನ ಮ್ಯೂಸಿಯಂ ಇದೆ. ಕೋಟೆಯಷ್ಟು ಜನ ಅಲ್ಲಿರುವುದಿಲ್ಲ, ನಿಧಾನಕ್ಕೆ ಓದಿಕೊಂಡು ನೋಡಬಹುದು.

ಗ್ರ್ಯಾಂಡ್ ಹೋಟೆಲು 1887ರದ್ದು. ಅದರ ಮುಂದಿನ ಜಗಲಿ 660 ಅಡಿ ಉದ್ದ. ಉಳಿದುಕೊಳ್ಳದೆ ಸುಮ್ನೆ ನೋಡಲು ಹೋಗುವವರಿಂದ ದುಡ್ಡು ತೆಗೆದುಕೊಳ್ಳುತ್ತಾರೆ. ಆರಾಮ ಕುರ್ಚಿಯಲ್ಲಿ ಒಂದು ಗಂಟೆ ಕೂರುವ ಮನಸ್ಸಿದ್ದರೆ ಕೊಡಿ, ಫೋಟೋ ಹೊಡೆದು ಓಡುವುದಾದರೆ ಬೇಡ. ಸಂಜೆ ಆರೂವರೆ ಆದ ಮೇಲೆ ಅಲ್ಲಿ ಬಟ್ಟೆಯ ನಿಯಮ ಕಟ್ಟುನಿಟ್ಟು, ಗಂಡಸರಿಗೆ ಕೋಟು ಬೇಕು. ಹೆಂಗಸರಿಗೆ ಒಂದು ರೇಷ್ಮೆ ಸೀರೆ ಧಾರಾಳ ಸಾಕು.

ಊಟ

ಸಸ್ಯಾಹಾರಿಗಳಿಗೆ ಪಿಜ್ಜಾ, ಸ್ಯಾಂಡ್‌ವಿಚ್ಚು, ಸಲಾಡು, ಆಲೂ ಫ್ರೈಸು. ಅದರಾಚೆ ಆಸೆ ಇಟ್ಟುಕೊಳ್ಳಬೇಡಿ. ಸೂಪಿನಲ್ಲಿ ಕೋಳಿಯ ಸಾರು ಇರಬಹುದು, ಫ್ರೈಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯಬಹುದು, ಮಡಿ ಇರುವವರು ಕೇಳಿಯೇ ತಿನ್ನಿ. ಮೀನು ತಿನ್ನುವವರಿಗೆ ಇಲ್ಲಿನ ವೈಟ್‌ಫಿಶ್ ಹಬ್ಬ. ನಮ್ಮ ಯಜಮಾನರು ಕುಂದಾಪುರದವರು, ಮೀನಿನ ವಿಷಯದಲ್ಲಿ ಸುಲಭಕ್ಕೆ ಒಪ್ಪುವವರಲ್ಲ. ಖಾರ ಇಲ್ಲ ಅಂತ ಗೊಣಗಿಕೊಂಡೇ ತಟ್ಟೆ ಖಾಲಿ ಮಾಡಿದರು.

ದ್ವೀಪದ ಚೀಲದಲ್ಲಿ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಕಪ್ಪುಗಳು, ಚಟ್ನಿಪುಡಿ, ಒಂದು ಸಣ್ಣ ಕೆಟಲು ಇರಲಿ. ಮೊಸರು, ಬಾಳೆಹಣ್ಣು, ಬ್ರೆಡ್ಡಿಗೆ ಮುಖ್ಯ ಬೀದಿಯ ಡೌಡ್ಸ್ ಮಾರ್ಕೆಟ್ ಇದೆ. 1884ರಿಂದ ಒಂದೇ ಮನೆತನ ನಡೆಸಿಕೊಂಡು ಬಂದಿರುವ ಅಂಗಡಿ. ಅಲ್ಲಿಗೆ ಬರುವ ಪ್ರತಿ ಸಾಮಾನೂ ದೋಣಿಯಲ್ಲಿ ಬಂದು, ಕುದುರೆ ಗಾಡಿ ಹತ್ತಿ ಬರಬೇಕು. ಬೆಲೆ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಫಡ್ಜ್ ವಿಷಯ. ಅಂಗಡಿಯ ಮುಂದೆಯೇ ಅಮೃತಶಿಲೆಯ ಮೇಜಿನ ಮೇಲೆ ಬಿಸಿ ಪಾಕ ಸುರಿದು, ಉದ್ದ ಸಲಾಕೆಯಿಂದ ಮಗುಚಿ ಮಗುಚಿ ಗಟ್ಟಿ ಮಾಡುತ್ತಾರೆ. ಇದನ್ನು ಕೊಳ್ಳಲು ಬರುವ ನಮ್ಮಂಥವರಿಗೆ ಊರವರು ಇಟ್ಟಿರುವ ಅಡ್ಡಹೆಸರು ಫಡ್ಜೀಸ್. ಸ್ಯಾಂಪಲ್ ಕೊಡುತ್ತಾರೆ, ನಾಲ್ಕು ಅಂಗಡಿ ತಿರುಗಿ ರುಚಿ ನೋಡಿ ಒಂದರಲ್ಲಿ ಕೊಳ್ಳಿ. ತುಪ್ಪದ ಸಿಹಿ ತಿಂದು ಬೆಳೆದ ನನಗೆ ಅಡಿಕೆಯಷ್ಟು ತುಂಡು ಸಾಕು, ಮಕ್ಕಳದ್ದು ಬೇರೆ ಲೆಕ್ಕ.

ಭಾನುವಾರ

ಬೆಳಿಗ್ಗೆ ಬೇಗ ಎದ್ದು ಇನ್ನೊಂದು ಸುತ್ತು ಹಾಕಿ. ಮೊದಲ ಫೆರಿ ಜನರನ್ನು ತಂದು ಇಳಿಸುವವರೆಗೆ ದಡದ ರಸ್ತೆ ಹೆಚ್ಚುಕಡಿಮೆ ನಿಮ್ಮದೇ. ಹತ್ತು ಹನ್ನೊಂದಕ್ಕೆ ರೂಮು ಬಿಟ್ಟು, ಚೀಲವನ್ನು ಪೋರ್ಟರಿಗೆ ಕೊಟ್ಟು, ಮಧ್ಯಾಹ್ನದೊಳಗೆ ದೋಣಿ ಹತ್ತಿ. ಬೇಸಿಗೆ ಭಾನುವಾರದ ಮಧ್ಯಾಹ್ನ ಐ-75ರಲ್ಲಿ ದಕ್ಷಿಣಕ್ಕೆ ಬರುವ ಟ್ರಾಫಿಕ್ಕು ವಿಪರೀತ.

ಒಂದು ಗಂಟೆ ಮಿಕ್ಕರೆ ಸೇತುವೆ ದಾಟಿ ವಾಪಸ್ ಬನ್ನಿ, ಎರಡೂ ಸಲ ಟೋಲ್ ಕಟ್ಟಬೇಕು. 1957ರಲ್ಲಿ ತೆರೆದದ್ದು. ನಡುವಿನ ಲೇನುಗಳಿಗೆ ಡಾಂಬರಿಲ್ಲ, ಉಕ್ಕಿನ ಜಾಲರಿ. ಟೈರು ಗುಂಯ್ ಅಂತ ಹಾಡುತ್ತದೆ, ಕೆಳಗೆ ನೀರು ಕಾಣುತ್ತದೆ. ಎದೆ ಹೊಡೆದುಕೊಳ್ಳುವವರು ಅಂಚಿನ ಲೇನು ಹಿಡಿಯಿರಿ. ಅದೂ ಆಗದಿದ್ದರೆ ಸೇತುವೆಯ ಸಿಬ್ಬಂದಿಯೇ ನಿಮ್ಮ ಕಾರನ್ನು ಓಡಿಸಿ ದಾಟಿಸಿಕೊಡುತ್ತಾರೆ, ಕೇಳಲು ನಾಚಿಕೆ ಬೇಡ.

ಕತ್ತಲಾಗುವ ಹೊತ್ತಿಗೆ ದಾರಿಯಲ್ಲಿ ಸಿಗುವ ಗ್ರೇಲಿಂಗ್ ಊರು ದಾಟಿರಿ. ಅದರಿಂದ ಉತ್ತರಕ್ಕೆ ರಸ್ತೆಯ ಎರಡೂ ಕಡೆ ಕಾಡು, ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ಒಂದು ಜಿಂಕೆ ದಾಟಿತು ಅಂತ ವೇಗ ಹೆಚ್ಚಿಸಬೇಡಿ, ಹಿಂದೆಯೇ ಇನ್ನೊಂದು ಇರುತ್ತದೆ.